ಡಬಲ್ ಕ್ಯಾಬ್ ಪಿಕಪ್ಪೋ, ಫೋರ್ ಬೈ ಫೋರೋ? ಮಲೆನಾಡಿನ ರಸ್ತೆಗೆ ಗಾಡಿ ಆರಿಸುವ ಮುನ್ನ

ಸಕಲೇಶಪುರ, ಮೂಡಿಗೆರೆ, ಆಲ್ದೂರು, ಕೊಪ್ಪ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. "ತೋಟಕ್ಕೂ ಆಗಬೇಕು, ಬೆಂಗಳೂರಿಗೂ ಹೋಗಬೇಕು, ಮನೆಯವರೂ ಒಪ್ಪಬೇಕು. ಡಬಲ್ ಕ್ಯಾಬ್ ಪಿಕಪ್ ತಗೊಳ್ಳಲಾ, ಇಲ್ಲ ಫೋರ್ ಬೈ ಫೋರ್ ತಗೊಳ್ಳಲಾ?" ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲವನ್ನೂ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೊಬ್ಬರ, ಡೀಸೆಲ್ ಕ್ಯಾನ್, ಕಾಫಿ ಮೂಟೆ, ಪಂಪ್‌ಸೆಟ್ ಅಂತ ಕೊಳೆ ಸಾಮಾನನ್ನು ವಾರಕ್ಕೆ ಒಂದೆರಡು ಸಲವಾದರೂ ಸಾಗಿಸುವವರಿಗೆ ಡಬಲ್ ಕ್ಯಾಬ್ ಸರಿ. ಉಳಿದವರಿಗೆ ಒಳ್ಳೆಯ ಫೋರ್ ಬೈ ಫೋರ್ ಇರಲಿ, ಲೋಡ್ ಬಂದಾಗ ಬಾಡಿಗೆ ಪಿಕಪ್ ಕರೆಸಿಕೊಳ್ಳಿ. ವರ್ಷಕ್ಕೆ ನಾಲ್ಕು ಸಲ ಗೊಬ್ಬರ ತರುವುದಕ್ಕಾಗಿ ವರ್ಷಪೂರ್ತಿ ಖಾಲಿ ಬಾಡಿ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಒಪ್ಪದವರು ಕೆಳಗಿನ ಪರೀಕ್ಷೆಗಳನ್ನು ಮಾಡಿ ನೋಡಿ, ಆಮೇಲೆ ಜಗಳ ಆಡೋಣ.

ಯಾವ ಗಾಡಿಗಳ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಸ್ಪಷ್ಟ ಇರಲಿ. ಡಬಲ್ ಕ್ಯಾಬ್ ಅಂದರೆ ನಾಲ್ಕು ಬಾಗಿಲು, ಎರಡು ಸಾಲು ಸೀಟು, ಹಿಂದೆ ತೆರೆದ ಲೋಡ್ ಬಾಡಿ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್, ಮಹೀಂದ್ರಾ ಬೊಲೆರೊ ಕ್ಯಾಂಪರ್ ಈ ಗುಂಪಿನವು. ಆಸ್ಟ್ರೇಲಿಯಾದಲ್ಲಿ ಇವನ್ನು ಯೂಟ್ ಅನ್ನುತ್ತಾರೆ. ಅಲ್ಲಿ 2016ರಿಂದ 2022ರವರೆಗೆ ಪ್ರತಿ ವರ್ಷ ಅತಿ ಹೆಚ್ಚು ಮಾರಾಟವಾದ ಗಾಡಿಯೇ ಹೈಲಕ್ಸ್. ಇಲ್ಲಿ ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ, ಹಿಂದೆ ಲೋಡ್ ಬಾಡಿ ಇಲ್ಲದ ಗಾಡಿ. ಆ ಗುಂಪಿನಲ್ಲಿ ಥಾರ್, ಥಾರ್ ರಾಕ್ಸ್, ಜಿಮ್ನಿ, ಗೂರ್ಖಾ, ಸ್ಕಾರ್ಪಿಯೊ-ಎನ್, ಫಾರ್ಚ್ಯೂನರ್ ಇವೆ. ಎರಡು ಗುಂಪಿನವೂ ಲ್ಯಾಡರ್ ಫ್ರೇಮ್ ಗಾಡಿಗಳು. ಅಂದರೆ ಕೆಳಗೆ ಏಣಿಯಾಕಾರದ ಉಕ್ಕಿನ ಚಾಸಿ, ಅದರ ಮೇಲೆ ಬೇರೆಯಾಗಿ ಕೂರಿಸಿದ ಬಾಡಿ. ಪೇಟೆಯ ಸಣ್ಣ ಎಸ್‌ಯುವಿಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಬೇಕಾಗುವುದು ಇಷ್ಟು: ಒಂದು ಅಳತೆ ಟೇಪು, ಆರು ಮೀಟರ್ ಹಗ್ಗ, ಒಂದು ನೋಟ್ ಪುಸ್ತಕ, ಎರಡೋ ಮೂರೋ ಗೊಬ್ಬರದ ಮೂಟೆ, ಮತ್ತೆ ಮನೆಯಲ್ಲಿ ಜಾಸ್ತಿ ಗೊಣಗುವ ಒಬ್ಬರು. ಕೊನೆಯವರು ಯಾಕೆ ಬೇಕು ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

1. ಒಂದು ತಿಂಗಳ ಲೋಡ್ ಬರೆದಿಡಿ

ಗಾಡಿಯಲ್ಲಿ ಏನು ಹೋಯಿತು, ಎಷ್ಟು ಜನ ಹೋದರು, ಎಲ್ಲಿಗೆ ಹೋದರು ಅಂತ ದಿನವೂ ಒಂದು ಸಾಲು ಬರೆಯಿರಿ. ನೆನಪಿನ ಮೇಲೆ ಅಂದಾಜು ಮಾಡಬೇಡಿ. ಲೋಡ್ ಹಾಕಿದ ದಿನ ಚೆನ್ನಾಗಿ ನೆನಪಿರುತ್ತದೆ. ಖಾಲಿ ಓಡಾಡಿದ ದಿನಗಳು ಮರೆತೇ ಹೋಗುತ್ತವೆ.

ಆಮೇಲೆ ತೂಕ ಕೂಡಿಸಿ. ಡಿಎಪಿ ಮೂಟೆ 50 ಕೆಜಿ, ಯೂರಿಯಾ ಮೂಟೆ 45 ಕೆಜಿ. ಆರು ಮೂಟೆ ಡಿಎಪಿ ಅಂದರೆ 300 ಕೆಜಿ. ಜೊತೆಗೆ ಐದು ಜನ ಕೂತರೆ ಇನ್ನೊಂದು 330 ಕೆಜಿ ಸೇರಿತು. ಬಹಳ ಜನ ತಪ್ಪುವುದು ಇಲ್ಲೇ. ಪೇಲೋಡ್ ಅಂದರೆ ಗಾಡಿ ಹೊರಬಹುದಾದ ಒಟ್ಟು ಭಾರ, ಜನರ ತೂಕವೂ ಅದರಲ್ಲೇ ಬರುತ್ತದೆ. ಹಿಂದಿನ ಬಾಡಿ ದೊಡ್ಡದಾಗಿ ಕಂಡಿತು ಅಂತ ಅದು ತುಂಬುವಷ್ಟು ಹಾಕುವ ಹಾಗಿಲ್ಲ.

ಇನ್ನೊಂದು ಮೋಸ ವಿಡಿಯೊಗಳದ್ದು. ಆಸ್ಟ್ರೇಲಿಯಾದವರು ಹೈಲಕ್ಸ್‌ಗೆ ಸುಮಾರು ಒಂದು ಟನ್ ಲೋಡ್, ಮೂರೂವರೆ ಟನ್ ಟ್ರೇಲರ್ ಅಂತ ಹೇಳುವುದನ್ನು ನೋಡಿ ನಮ್ಮಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಆ ಅಂಕಿಗಳು ಆ ದೇಶದ ಮಾಡೆಲ್‌ಗೆ, ಆ ದೇಶದ ಕಾನೂನಿಗೆ ಸೇರಿದ್ದು. ಇಲ್ಲಿ ಖಾಸಗಿ ವಾಹನವಾಗಿ ಮಾರುವ ಪಿಕಪ್‌ಗಳ ಮಿತಿ ಅದಕ್ಕಿಂತ ಬಹಳ ಕಡಿಮೆ. ಶೋರೂಮಿನಲ್ಲಿ ಬ್ರೋಷರ್ ಬಿಟ್ಟು ಆ ಮಾಡೆಲ್‌ನ ಆರ್‌ಸಿ ಪ್ರತಿ ತೋರಿಸಿ ಅನ್ನಿ. ಅದರಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ವ್ಯತ್ಯಾಸವೇ ನಿಮ್ಮ ಮಿತಿ. ನಿಜಕ್ಕೂ ಟನ್ ಲೆಕ್ಕದಲ್ಲಿ ಹೊರಬೇಕು ಅನ್ನುವವರಿಗೆ ಬೊಲೆರೊ ಕ್ಯಾಂಪರ್ ಇದೆ. ಆದರೆ ಅದು ಐದು ಸೀಟಿನ ಗೂಡ್ಸ್ ಗಾಡಿ, ಸುಖ ಕೇಳಬೇಡಿ.

ಪುಸ್ತಕದಲ್ಲಿ ತಿಂಗಳಿಗೆ ಎಂಟು ಹತ್ತು ದಿನ ಲೋಡ್ ಇದ್ದರೆ ಡಬಲ್ ಕ್ಯಾಬ್ ಪಟ್ಟಿಯಲ್ಲಿ ಉಳಿಯಲಿ. ಎರಡೇ ದಿನ ಇದ್ದರೆ ಈಗಲೇ ಹೊಡೆದು ಹಾಕಿ, ಮುಂದಿನ ಓದು ಹಗುರಾಗುತ್ತದೆ.

2. ನಿಮ್ಮ ಅತಿ ಕೆಟ್ಟ ರಸ್ತೆಯನ್ನು ಅಳೆಯಿರಿ

ಹಾಸನದಿಂದ ಬೇಲೂರಿಗೆ ಯಾವ ಗಾಡಿಯೂ ಹೋಗುತ್ತದೆ. ಟಾರು ಮುಗಿದ ಮೇಲೆ ಮನೆಯವರೆಗೆ ಇರುವ ಕೊನೆಯ ಒಂದೆರಡು ಕಿಲೋಮೀಟರ್ ನೋಡಿಕೊಂಡು ಗಾಡಿ ಆರಿಸಬೇಕು. ಹೆತ್ತೂರು, ಯಸಳೂರು, ಬಾಳೂರು, ಕಳಸದ ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಉದ್ದ. ಹೈಲಕ್ಸ್ 5,325 ಮಿಲಿಮೀಟರ್. ವಿ-ಕ್ರಾಸ್ ಕೂಡ ಸುಮಾರು 5.3 ಮೀಟರ್. ಫಾರ್ಚ್ಯೂನರ್ 4,795, ಸ್ಕಾರ್ಪಿಯೊ-ಎನ್ 4,662. ಮೂರು ಬಾಗಿಲಿನ ಥಾರ್ ಮತ್ತು ಜಿಮ್ನಿ ಎರಡೂ 3,985. ಹೈಲಕ್ಸ್‌ಗೂ ಥಾರ್‌ಗೂ ಒಂದು ಮೀಟರ್ 34 ಸೆಂಟಿಮೀಟರ್ ವ್ಯತ್ಯಾಸ. ಕಾಗದದ ಮೇಲೆ ಇದು ಏನೂ ಅನ್ನಿಸುವುದಿಲ್ಲ. ಹಗ್ಗದಲ್ಲಿ 5.3 ಮೀಟರ್ ಅಳೆದು ಗಂಟು ಹಾಕಿ. ಶೆಡ್ಡಿನ ಒಳಗೆ, ಗೇಟಿನ ತಿರುವಿನಲ್ಲಿ, ಕಣದ ಪಕ್ಕದಲ್ಲಿ, ಮೋರಿಯ ಹತ್ತಿರ ಹಾಸಿ ನೋಡಿ. ಎದುರಿಗೆ ಬೇರೆ ಗಾಡಿ ಬಂದರೆ ರಿವರ್ಸ್ ಹೋಗಿ ಎಲ್ಲಿ ತಿರುಗಿಸುತ್ತೀರಿ? ಆ ಜಾಗದಲ್ಲೂ ಹಾಸಿ. ಒಂದೇ ಏಟಿಗೆ ತಿರುಗದ ಕಡೆ ಪಿಕಪ್ಪನ್ನು ಹಿಂದೆ ಮುಂದೆ ಮಾಡಿ ತಿರುಗಿಸಬೇಕಾಗುತ್ತದೆ. ಜುಲೈ ತಿಂಗಳ ಜಡಿ ಮಳೆಯಲ್ಲಿ, ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಇಳಿಜಾರು ಇದ್ದಾಗ ಅದು ತಮಾಷೆಯಲ್ಲ.

ಎರಡನೆಯದು ವೀಲ್‌ಬೇಸ್, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ. ಹೈಲಕ್ಸ್‌ನಲ್ಲಿ ಇದು 3,085 ಮಿಮೀ, ಥಾರ್‌ನಲ್ಲಿ 2,450, ಜಿಮ್ನಿಯಲ್ಲಿ 2,590. ಅಂತರ ಹೆಚ್ಚಾದಷ್ಟೂ ದಿಬ್ಬ ದಾಟುವಾಗ ಗಾಡಿಯ ಹೊಟ್ಟೆ ನೆಲಕ್ಕೆ ತಾಗುವ ಸಾಧ್ಯತೆ ಜಾಸ್ತಿ. ನಿಮ್ಮ ರಸ್ತೆಯಲ್ಲಿ ನೀರು ಹೊರಳಿಸಲು ಅಡ್ಡ ಹಾಕಿದ ಮಣ್ಣಿನ ಏರಿಗಳಿದ್ದರೆ ಇದನ್ನು ಗಮನಿಸಲೇಬೇಕು. ಉದ್ದ ಗಾಡಿಯ ಬಾಲವೂ ಹಾಗೇ, ಹಳ್ಳದಿಂದ ಮೇಲೆ ಹತ್ತುವಾಗ ಬಂಪರ್ ಉಜ್ಜುತ್ತದೆ.

ಗ್ರೌಂಡ್ ಕ್ಲಿಯರೆನ್ಸ್ ಅಂಕಿಯನ್ನೇ ನಂಬಿ ಕೂರಬೇಡಿ. ಥಾರ್‌ಗೆ 226 ಮಿಮೀ, ಜಿಮ್ನಿಗೆ 210 ಅಂತ ಹೇಳುತ್ತಾರೆ. ಇಡೀ ಹೊಟ್ಟೆ ಅಷ್ಟೇ ಎತ್ತರದಲ್ಲಿದೆ ಅಂತ ಅದರ ಅರ್ಥ ಅಲ್ಲ. ಹಿಂದೆ ಆಕ್ಸಲ್ ನಡುವಿನ ಗುಂಡು ಅಂದರೆ ಡಿಫರೆನ್ಷಿಯಲ್ ಎಲ್ಲಿದೆ, ಡೀಸೆಲ್ ಟ್ಯಾಂಕ್ ಎಲ್ಲಿ ಇಳಿಬಿದ್ದಿದೆ, ಸೈಲೆನ್ಸರ್ ಪೈಪು ಯಾವ ಕಡೆ ಹೋಗಿದೆ ಅಂತ ಬಗ್ಗಿ ನೋಡಿ. ತೋಟದ ರಸ್ತೆಯಲ್ಲಿ ಎರಡು ಗಾಲಿ ಜಾಡಿನ ನಡುವೆ ಎದ್ದ ದಿಣ್ಣೆಗೆ ಮೊದಲು ತಾಗುವುದು ಇವೇ.

ನೀರಿನ ಆಳದ ಬಗ್ಗೆ ಒಂದು ಮಾತು. ಥಾರ್ 650 ಮಿಮೀ, ಹೈಲಕ್ಸ್ ಮತ್ತು ಗೂರ್ಖಾ 700 ಮಿಮೀ ನೀರಿನಲ್ಲಿ ಹೋಗಬಲ್ಲವು ಅಂತ ಕಂಪನಿಗಳು ಹೇಳುತ್ತವೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ಹಳ್ಳ ಮೊಣಕಾಲು ಮಟ್ಟ ಇದ್ದರೂ ಗಾಡಿಯನ್ನು ಪಕ್ಕಕ್ಕೆ ತಳ್ಳಬಲ್ಲದು. ಕೆಂಪು ನೀರು ಹರಿಯುತ್ತಿದ್ದರೆ ಕಾಯಿರಿ, ಅಥವಾ ವಾಪಸ್ ಹೋಗಿ.

3. ಅದು ನಿಜಕ್ಕೂ ಫೋರ್ ಬೈ ಫೋರಾ, ನೋಡಿ

ನಗಬೇಡಿ, ಈ ತಪ್ಪು ಆಗುತ್ತಲೇ ಇರುತ್ತದೆ. ಥಾರ್, ಫಾರ್ಚ್ಯೂನರ್, ಸ್ಕಾರ್ಪಿಯೊ-ಎನ್, ವಿ-ಕ್ರಾಸ್ ಎಲ್ಲವೂ ಹಿಂದಿನ ಎರಡೇ ಚಕ್ರ ಓಡಿಸುವ ಮಾಡೆಲ್‌ಗಳಲ್ಲೂ ಬಂದಿವೆ. ಹೊರಗಿನಿಂದ ಎಲ್ಲ ಒಂದೇ ಥರ. ಸ್ಕಾರ್ಪಿಯೊ-ಎನ್‌ನಲ್ಲೂ ರಾಕ್ಸ್‌ನಲ್ಲೂ ಫೋರ್ ಬೈ ಫೋರ್ ಬೇಕಾದರೆ ಡೀಸೆಲ್ಲೇ ತಗೊಳ್ಳಬೇಕು. ಜಿಮ್ನಿ, ಹೈಲಕ್ಸ್, 2021ರಿಂದ ಈಚಿನ ಗೂರ್ಖಾ ನಮ್ಮಲ್ಲಿ ಫೋರ್ ಬೈ ಫೋರ್ ಆಗಿಯೇ ಬಂದವು, ಅಲ್ಲಿ ಈ ಗೊಂದಲ ಇಲ್ಲ. ಸೆಕೆಂಡ್ ಹ್ಯಾಂಡ್ ನೋಡುವಾಗ ಬಗ್ಗಿ ಮುಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಚಕ್ರಕ್ಕೆ ಬಲ ಒಯ್ಯುವ ಉದ್ದ ಕೊಳವೆ, ಹೋಗಿದೆಯಾ ಅಂತ ಕಣ್ಣಾರೆ ನೋಡಿ.

ಲಿವರ್ ಅಥವಾ ಗುಂಡಿಯ ಮೇಲೆ ಮೂರು ಗುರುತು ಇರುತ್ತವೆ. 2ಎಚ್ ಅಂದರೆ ಹಿಂದಿನ ಎರಡು ಚಕ್ರ, ದಿನನಿತ್ಯದ ಓಡಾಟಕ್ಕೆ. 4ಎಚ್ ಅಂದರೆ ನಾಲ್ಕೂ ಚಕ್ರ, ಕೆಸರು ಮತ್ತು ಜಾರುವ ಮಣ್ಣಿಗೆ. 4ಎಲ್ ಅಂದರೆ ನಾಲ್ಕೂ ಚಕ್ರ ಮತ್ತು ಲೋ ಗೇರ್, ಕಡಿದಾದ ಏರು, ಇಳಿಜಾರು, ಸಿಕ್ಕಿಬಿದ್ದ ಗಾಡಿ ಎಳೆಯುವುದಕ್ಕೆ. ಇಳಿಜಾರಿನಲ್ಲಿ 4ಎಲ್ ಹಾಕಿ ಒಂದನೇ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ತುಳಿಯುವ ಕೆಲಸ ಬಹಳ ಕಡಿಮೆ. ಮಲೆನಾಡಿನಲ್ಲಿ ಏರುವುದಕ್ಕಿಂತ ಇಳಿಯುವುದಕ್ಕೇ ಲೋ ಗೇರ್ ಹೆಚ್ಚು ಬೇಕು ಅನ್ನುವುದು ನನ್ನ ಅನುಭವ.

ಎಚ್ಚರ: ಈ ಗಾಡಿಗಳಲ್ಲಿ ಹೆಚ್ಚಿನವು ಪಾರ್ಟ್ ಟೈಮ್ ಫೋರ್ ಬೈ ಫೋರ್. 4ಎಚ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್ ಒಟ್ಟಿಗೆ ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಅದು ಸರಿಹೋಗುತ್ತದೆ. ಒಣಗಿದ ಟಾರಿನಲ್ಲಿ ಜಾರಲು ಆಗದೆ ಆ ಒತ್ತಡವೆಲ್ಲ ಗೇರು, ಶಾಫ್ಟ್, ಟೈರಿನ ಮೇಲೆ ಬೀಳುತ್ತದೆ. ತೋಟದಿಂದ ಟಾರಿಗೆ ಬಂದ ತಕ್ಷಣ 2ಎಚ್‌ಗೆ ಬನ್ನಿ. ಸ್ಟೇರಿಂಗ್ ಬಿಗಿಯಾಯಿತು, ತಿರುವಿನಲ್ಲಿ ಗಾಡಿ ಕುಪ್ಪಳಿಸಿತು ಅಂದರೆ ನೀವು ಮರೆತಿದ್ದೀರಿ ಅಂತಲೇ ಲೆಕ್ಕ.

ಡಿಫರೆನ್ಷಿಯಲ್ ಲಾಕ್ ಇದೆಯಾ ಅಂತಲೂ ಕೇಳಿ. ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದರೂ ಇನ್ನೊಂದಕ್ಕೆ ಬಲ ಹೋಗುವಂತೆ ಮಾಡುವ ಲಾಕ್ ಅದು. ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಇದೆ. ಜಿಮ್ನಿಯಲ್ಲಿ ಲಾಕ್ ಇಲ್ಲ, ತಿರುಗುತ್ತಿರುವ ಚಕ್ರಕ್ಕೆ ಬ್ರೇಕ್ ಹಿಡಿದು ಅದೇ ಕೆಲಸ ಮಾಡಿಸುತ್ತಾರೆ. ಹಗುರ ಗಾಡಿ ಆದ್ದರಿಂದ ಬಹುತೇಕ ಕಡೆ ಅದೂ ಸಾಕಾಗುತ್ತದೆ.

4. ಸ್ಥಿರತೆ: ಖಾಲಿ ಪಿಕಪ್ ಮಳೆಯಲ್ಲಿ ಏನು ಮಾಡುತ್ತದೆ?

ಕೇಳುವವರು ಕಡಿಮೆ, ತಿಳಿದುಕೊಳ್ಳಬೇಕಾದ್ದು ಜಾಸ್ತಿ, ಅಂಥ ವಿಷಯ ಇದು. ಪಿಕಪ್‌ನಲ್ಲಿ ಇಂಜಿನ್, ಕ್ಯಾಬಿನ್ ಎಲ್ಲ ಮುಂದೆ ಇರುತ್ತವೆ. ಹಿಂದೆ ಬಾಡಿ ಖಾಲಿ. ಓಡಿಸುವ ಚಕ್ರಗಳೋ ಹಿಂದಿನವು. ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳು, ಲೋಡ್ ಹೊರಲೆಂದೇ ಗಟ್ಟಿಯಾಗಿ ಮಾಡಿದ್ದು. ಖಾಲಿ ಇದ್ದಾಗ ಅವು ಬಗ್ಗುವುದೇ ಇಲ್ಲ. ಹೊಂಡ ಸಿಕ್ಕರೆ ಹಿಂಭಾಗ ಚಂಗನೆ ಹಾರಿ ಪಕ್ಕಕ್ಕೆ ಸರಿಯುತ್ತದೆ. ಒದ್ದೆ ಟಾರಿನ ತಿರುವಿನಲ್ಲಿ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಬಾಲ ಹೊರಕ್ಕೆ ಬೀಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಮಂಜು ಮುಸುಕಿ ಮಳೆ ಹನಿಯುವಾಗ ಇದು ಗೊತ್ತಿರಲೇಬೇಕು.

ಹೈಲಕ್ಸ್ ಮತ್ತು ಫಾರ್ಚ್ಯೂನರ್ ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡರಲ್ಲೂ ಅದೇ 2.8 ಲೀಟರ್ ಡೀಸೆಲ್ ಇಂಜಿನ್, ಅದೇ ಕುಟುಂಬದ ಚಾಸಿ. ಆದರೆ ಹೈಲಕ್ಸ್ ಹಿಂದೆ ಲೀಫ್ ಸ್ಪ್ರಿಂಗ್, ಫಾರ್ಚ್ಯೂನರ್ ಹಿಂದೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ, ಖಾಲಿಯಾಗಿ ಓಡಿಸಿ ನೋಡಿ. ಹಿಂದಿನ ಸೀಟಿನಲ್ಲಿ ಕೂತವರಿಗೆ ಕಣ್ಣು ಮುಚ್ಚಿದ್ದರೂ ಯಾವುದು ಯಾವುದು ಅಂತ ಗೊತ್ತಾಗುತ್ತದೆ.

ಹಾಗಂತ ಎತ್ತರದ ಫೋರ್ ಬೈ ಫೋರ್‌ಗಳೆಲ್ಲ ಬಂಡೆಯಷ್ಟು ಸ್ಥಿರ ಅಂತ ಅಲ್ಲ. ವೀಲ್‌ಬೇಸ್ ಕಡಿಮೆ ಇರುವ ಥಾರ್, ಜಿಮ್ನಿ ಹೈವೇಯ ಅಲೆಅಲೆ ರಸ್ತೆಯಲ್ಲಿ ಮುಂದೆ ಹಿಂದೆ ತೂಗುತ್ತವೆ. ಪಕ್ಕದಿಂದ ಜೋರು ಗಾಳಿ ಬಂದರೆ ಸ್ಟೇರಿಂಗ್ ಹಿಡಿತ ಬಿಗಿ ಮಾಡಬೇಕಾಗುತ್ತದೆ. ನೇರ ಹೈವೇಯಲ್ಲಿ ಉದ್ದ ವೀಲ್‌ಬೇಸಿನ ಪಿಕಪ್ಪೇ ನೆಟ್ಟಗೆ ಹೋಗುತ್ತದೆ, ಒಪ್ಪಿಕೊಳ್ಳಬೇಕು. ಆದರೆ ದಿಢೀರನೆ ತಪ್ಪಿಸಬೇಕಾದಾಗ ಎತ್ತರವೇ ಶತ್ರು. 2016ರಲ್ಲಿ ಸ್ವೀಡನ್ನಿನ ಒಂದು ಮೋಟಾರ್ ಪತ್ರಿಕೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆ ಮಾಡಿದಾಗ ಆಗಿನ ಹೈಲಕ್ಸ್‌ನ ಎರಡು ಚಕ್ರ ನೆಲ ಬಿಟ್ಟಿದ್ದವು. ಕಂಪನಿ ಆಮೇಲೆ ಬದಲಾವಣೆ ಮಾಡಿತು. ನಮ್ಮಲ್ಲಿ ಅಡ್ಡ ಬರುವುದು ದನ, ಕಡವೆ, ಕಾಡುಹಂದಿ. ಪಾಠ ಒಂದೇ: ಎತ್ತರದ ಗಾಡಿಯಲ್ಲಿ ಸ್ಟೇರಿಂಗ್ ಎಳೆಯುವ ಮೊದಲು ಬ್ರೇಕ್ ಹಿಡಿಯಿರಿ.

ಆದ್ದರಿಂದ ಇಎಸ್‌ಪಿ ಇಲ್ಲದ ಮಾಡೆಲ್ ಬೇಡ. ಗಾಡಿ ಅಡ್ಡಡ್ಡ ಜಾರಲು ಶುರುವಾದಾಗ ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಿಡಿದು ದಾರಿಗೆ ತರುವ ವ್ಯವಸ್ಥೆ ಅದು. ಹಳೆ ಜೀಪು, ಜಿಪ್ಸಿ, ಅಗ್ಗದ ಪಿಕಪ್‌ಗಳಲ್ಲಿ ಇದು ಇರುವುದಿಲ್ಲ. ಅಪಘಾತ ಪರೀಕ್ಷೆಯ ಫಲಿತಾಂಶವನ್ನೂ ನೋಡಿ. ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 2020ರಲ್ಲಿ ಥಾರ್‌ಗೆ 4 ಸ್ಟಾರ್, 2022ರಲ್ಲಿ ಸ್ಕಾರ್ಪಿಯೊ-ಎನ್‌ಗೆ ದೊಡ್ಡವರ ರಕ್ಷಣೆಯಲ್ಲಿ 5 ಸ್ಟಾರ್ ಬಂದಿತ್ತು. ಭಾರತ್ ಎನ್‌ಕ್ಯಾಪ್‌ನಲ್ಲಿ 2024ರಲ್ಲಿ ರಾಕ್ಸ್‌ಗೆ 5 ಸ್ಟಾರ್ ಸಿಕ್ಕಿತು.

ಡಬಲ್ ಕ್ಯಾಬ್ ಈಗಾಗಲೇ ಇರುವವರಿಗೆ: ಮಳೆಗಾಲದಲ್ಲಿ ಎರಡು ಮೂಟೆ ಮರಳು ಹಾಕಿಕೊಂಡು ಓಡಾಡಿ. ಮೂಟೆಗಳು ಕ್ಯಾಬಿನ್ ಗೋಡೆಗೆ ತಾಗಿ, ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಲಿ. ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಅವೇ ಬಂದು ಗುದ್ದುತ್ತವೆ. ಭಾರವನ್ನು ಬಾಡಿಯ ತುದಿಯಲ್ಲಿ ಹಾಕಿದರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಸಡಿಲಾಗುತ್ತದೆ, ಅದು ಇನ್ನೂ ಅಪಾಯ. ಟೈರ್ ಗಾಳಿಯನ್ನೂ ಪಂಕ್ಚರ್ ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಕಂಪನಿಯ ಚೀಟಿಯಲ್ಲಿ ಖಾಲಿಗೆ ಒಂದು, ಲೋಡಿಗೆ ಒಂದು ಒತ್ತಡ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಲೋಡ್ ಲೆಕ್ಕದ ಗಾಳಿ ತುಂಬಿ ಖಾಲಿ ಓಡಿಸಿದರೆ ಬ್ರೇಕ್ ಹಿಡಿತವೂ ಕಡಿಮೆ, ಬೆನ್ನಿಗೂ ಪೆಟ್ಟು.

ಮತ್ತೆ ಆ ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದಪ್ಪ ಟೈರು, ಮಾಳಿಗೆ ಮೇಲಿನ ಕ್ಯಾರಿಯರ್! ನೋಡಲು ಚಂದ, ನಿಜ. ಗಾಡಿಯ ಭಾರವನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತವೆ ಅನ್ನುವುದೂ ನಿಜ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಕಂಪನಿ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರು, ಅಂದರೆ ಟಾರಿಗೂ ಮಣ್ಣಿಗೂ ಆಗುವ ಟೈರು ಹಾಕಿಸಿ. ಸವೆದ ಟೈರಿನ ಫೋರ್ ಬೈ ಫೋರ್‌ಗಿಂತ ಒಳ್ಳೆಯ ಟೈರಿನ ಫೋರ್ ಬೈ ಟೂ, ಅಂದರೆ ಎರಡೇ ಚಕ್ರ ಓಡಿಸುವ ಗಾಡಿ, ಎಷ್ಟೋ ಕಡೆ ಮೇಲು.

5. ಗೊಣಗುವವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ

ಟೆಸ್ಟ್ ಡ್ರೈವ್‌ನಲ್ಲಿ ಕೊಳ್ಳುವವರು ಸ್ಟೇರಿಂಗ್ ಹಿಡಿದು ಖುಷಿಯಾಗಿ ಬರುತ್ತಾರೆ. ಆಮೇಲೆ ಇಡೀ ವರ್ಷ ಹಿಂದೆ ಕೂರುವುದು ಅಮ್ಮ, ಹೆಂಡತಿ, ಮಕ್ಕಳು. ಆದ್ದರಿಂದ ಮನೆಯಲ್ಲಿ ಯಾರಿಗೆ ಸೊಂಟನೋವೋ, ಯಾರಿಗೆ ಘಾಟಿಯಲ್ಲಿ ವಾಂತಿ ಬರುತ್ತದೋ ಅವರನ್ನು ಕರೆದುಕೊಂಡು ಹೋಗಿ. ಅರ್ಧ ಗಂಟೆ ಹಿಂದೆ ಕೂರಿಸಿ. ಕೈಮರದಿಂದ ಮೇಲಕ್ಕೆ ಹತ್ತುವ ರಸ್ತೆಯಂಥ ತಿರುವುಗಳಿರುವ ಜಾಗ ಸಿಕ್ಕರೆ ಒಳ್ಳೆಯದು.

ಡಬಲ್ ಕ್ಯಾಬ್‌ನಲ್ಲಿ ಲೋಡ್ ಬಾಡಿಗೆ ಜಾಗ ಬಿಡಬೇಕಾದ್ದರಿಂದ ಹಿಂದಿನ ಸೀಟಿನ ಬೆನ್ನು ನೆಟ್ಟಗೆ ನಿಂತಿರುತ್ತದೆ. ಹಾಸನದವರೆಗೆ ಗೊತ್ತಾಗುವುದಿಲ್ಲ, ಬೆಂಗಳೂರು ಮುಟ್ಟುವಷ್ಟರಲ್ಲಿ ಗೊತ್ತಾಗುತ್ತದೆ. ಬ್ಯಾಗುಗಳಿಗೆ ಒಳಗೆ ಜಾಗ ಇಲ್ಲ, ತೆರೆದ ಬಾಡಿಗೇ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಟಾರ್ಪಾಲಿನ್ ಕಟ್ಟದೆ ಏನೂ ಇಡುವಂತಿಲ್ಲ. ಮುಚ್ಚಳ ಹಾಕಿಸಿದರೆ ಎತ್ತರದ ಸಾಮಾನು ಹೋಗದು.

ಹಾಗೆಂದು ಇನ್ನೊಂದು ಗುಂಪಿಗೆ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. ಮೂರು ಬಾಗಿಲಿನ ಥಾರ್ ನಾಲ್ಕು ಸೀಟಿನದು. ಹಿಂದೆ ಹೋಗಲು ಮುಂದಿನ ಸೀಟು ಮಡಚಿ ಹತ್ತಬೇಕು. ಸೀರೆ ಉಟ್ಟ ಹಿರಿಯರಿಗೆ ಅದು ಆಗದ ಕೆಲಸ. ಜಿಮ್ನಿಗೆ ಐದು ಬಾಗಿಲು, ಆದರೆ ಸೀಟು ನಾಲ್ಕೇ. ಅದರ 1.5 ಲೀಟರ್ ಪೆಟ್ರೋಲ್ ಇಂಜಿನ್ ತೋಟದಲ್ಲಿ ಚೆನ್ನಾಗಿದೆ, ಹೈವೇಯಲ್ಲಿ ಜನ ತುಂಬಿಕೊಂಡು ಓವರ್‌ಟೇಕ್ ಮಾಡುವಾಗ ಉಸಿರು ಕಟ್ಟುತ್ತದೆ. ಗೂರ್ಖಾ ಗಟ್ಟಿಮುಟ್ಟು, ಸದ್ದು ಜಾಸ್ತಿ. ಮನೆಮಂದಿಗೂ ತೋಟಕ್ಕೂ ಒಂದೇ ಗಾಡಿ ಸಾಕು ಅನ್ನುವವರಿಗೆ ಸ್ಕಾರ್ಪಿಯೊ-ಎನ್ ಫೋರ್ ಬೈ ಫೋರ್ ಅಥವಾ ರಾಕ್ಸ್ ಮೊದಲು ನೋಡಿ ಅಂತ ಹೇಳುತ್ತೇನೆ. ದುಡ್ಡಿದ್ದವರು ಫಾರ್ಚ್ಯೂನರ್ ನೋಡಲಿ.

ಡಬಲ್ ಕ್ಯಾಬ್‌ಗೆ ಒಂದು ದೊಡ್ಡ ಗುಣ ಇದೆ, ಅದನ್ನೂ ಹೇಳಬೇಕಲ್ವಾ? ಮೈಲುತುತ್ತ, ಗೊಬ್ಬರ, ಡೀಸೆಲ್, ಒದ್ದೆ ನಾಯಿ ಯಾವುದರ ವಾಸನೆಯೂ ಕ್ಯಾಬಿನ್ ಒಳಗೆ ಬರುವುದಿಲ್ಲ. ಎಸ್‌ಯುವಿಯ ಡಿಕ್ಕಿಯಲ್ಲಿ ಒಮ್ಮೆ ಔಷಧಿ ಚೆಲ್ಲಿದರೆ ಮಾರುವ ದಿನದವರೆಗೂ ಅದರ ನಾತ ಹೋಗದು.

6. ನಂಬಿಕೆ: ಕೈಕೊಡುವುದು ಯಾವಾಗ, ಯಾಕೆ?

"ಈ ಗಾಡಿ ಕೈಕೊಡಲ್ಲ" ಅಂತ ಹೇಳುವವರನ್ನು ಯಾವ ರಸ್ತೆಯಲ್ಲಿ, ಎಷ್ಟು ದೂರ ಓಡಿಸುತ್ತೀರಿ ಅಂತ ಕೇಳಿ. ಮಲೆನಾಡಿನ ಓಡಾಟಕ್ಕೆ ಅದರದೇ ಕಾಯಿಲೆಗಳಿವೆ.

ಮೊದಲನೆಯದು ಡಿಪಿಎಫ್. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರು, ಜೀಪುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಈ ಫಿಲ್ಟರ್ ಇದೆ. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಬಿಸಿ ಮಾಡಿ ಸುಟ್ಟುಕೊಳ್ಳುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ದಿನವೂ ಮನೆಯಿಂದ ಲೈನ್ ಮನೆಗೆ, ಅಲ್ಲಿಂದ ಕಣಕ್ಕೆ, ಕಣದಿಂದ ಮತ್ತೆ ಮನೆಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಆ ಬಿಸಿ ಸಿಗುವುದೇ ಇಲ್ಲ. ಮಸಿ ಕಟ್ಟಿ ದೀಪ ಹತ್ತುತ್ತದೆ. ಕಡೆಗಣಿಸಿದರೆ ಇಂಜಿನ್ ಶಕ್ತಿ ಕಡಿಮೆ ಮಾಡಿಕೊಂಡು ತೆವಳುತ್ತದೆ. ಈ ಫಿಲ್ಟರಿನ ಗಲಾಟೆ ಎಷ್ಟು ದೊಡ್ಡದು ಅಂದರೆ, ಆಸ್ಟ್ರೇಲಿಯಾದಲ್ಲಿ 2015ರಿಂದ 2020ರ ನಡುವೆ ಮಾರಿದ ಡೀಸೆಲ್ ಹೈಲಕ್ಸ್, ಫಾರ್ಚ್ಯೂನರ್, ಪ್ರಾಡೊ ಗಾಡಿಗಳ ಡಿಪಿಎಫ್ ದೋಷದ ಬಗ್ಗೆ ಮಾಲೀಕರು ಕೋರ್ಟಿಗೆ ಹೋದರು. 2022ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಹೈಲಕ್ಸ್ ಬಂದದ್ದು 2022ರಲ್ಲಿ, ಆ ಗಾಡಿಗಳ ಲೆಕ್ಕ ಬೇರೆ. ಆದರೂ ಅತಿ ಗಟ್ಟಿ ಅಂತ ಹೆಸರಾದ ಇಂಜಿನ್ ಕೂಡ ಈ ಒಂದು ಭಾಗದಿಂದ ಹೆಸರು ಕೆಡಿಸಿಕೊಳ್ಳಬಹುದು ಅನ್ನುವುದು ನೆನಪಿರಲಿ.

ಮಾಡಬೇಕಾದ್ದು ಸುಲಭ. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ. ದೀಪ ಹತ್ತಿದಾಗ ಇಂಜಿನ್ ಆಫ್ ಮಾಡಬೇಡಿ, ಹಾಗೇ ಓಡಿಸಿ. ಆಯಿಲ್ ಡಿಪಿಎಫ್‌ಗೆ ಆಗುವಂಥದ್ದೇ ಹಾಕಿಸಿ. "ಫಿಲ್ಟರ್ ಕಿತ್ತು ಹಾಕಿಬಿಡಿ ಸಾರ್" ಅನ್ನುವ ಗ್ಯಾರೇಜಿನಿಂದ ನಮಸ್ಕಾರ ಹೇಳಿ ಹೊರಬನ್ನಿ. ಗಾಡಿ ತೋಟ ಬಿಟ್ಟು ಹೊರಗೆ ಹೋಗುವುದೇ ಅಪರೂಪ ಅನ್ನುವವರು ಪೆಟ್ರೋಲ್ ನೋಡಿ. ಜಿಮ್ನಿ ಅಥವಾ ಪೆಟ್ರೋಲ್ ಥಾರ್‌ಗೆ ಈ ತಲೆನೋವಿಲ್ಲ.

ಎರಡನೆಯದು ನೀರು. ಏರು ಹತ್ತಿ ಬಿಸಿಯಾದ ಆಕ್ಸಲ್ ತಣ್ಣಗಿನ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ತಡೆಯಲು ಬ್ರೀದರ್ ಅನ್ನುವ ಸಣ್ಣ ಕೊಳವೆ ಇದೆ. ಅದು ಮಣ್ಣು ಕಟ್ಟಿದ್ದರೆ ಕೆಲಸ ಮಾಡದು. ಮಳೆಗಾಲ ಮುಗಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ಸಾವಿರಗಳಲ್ಲಿ ಮುಗಿಯುವ ಕೆಲಸ ಇದು. ಬಿಟ್ಟರೆ ಬೇರಿಂಗು, ಗೇರು ಹೋಗಿ ದೊಡ್ಡ ಬಿಲ್ಲಾಗುತ್ತದೆ.

ಮೂರನೆಯದು ತುಕ್ಕು ಮತ್ತು ಇಲಿ. ಚಾಸಿಯ ಟೊಳ್ಳಿನಲ್ಲಿ ಕೂತ ಕೆಸರು ತಿಂಗಳುಗಟ್ಟಲೆ ಒಣಗುವುದಿಲ್ಲ. ಮೇಲಿನ ಬಣ್ಣ ತೊಳೆಯುವುದಕ್ಕಿಂತ ಕೆಳಭಾಗ ತೊಳೆಯುವುದು ಮುಖ್ಯ. ಪಿಕಪ್ ಬಾಡಿಗೆ ಹಾಸಿದ ಪ್ಲಾಸ್ಟಿಕ್ ತಟ್ಟೆಯ ಅಡಿಯಲ್ಲೂ ನೀರು, ಗೊಬ್ಬರ ಸೇರಿ ತಗಡು ತಿನ್ನುತ್ತದೆ, ವರ್ಷಕ್ಕೊಮ್ಮೆ ಎತ್ತಿ ನೋಡಿ. ಇಲಿ ವೈರ್ ಕಡಿದು ಗಾಡಿ ನಿಂತದ್ದು ಕೇಳದ ತೋಟ ನಮ್ಮಲ್ಲಿ ಇಲ್ಲ. ಗೋಡೌನಿನ ಪಕ್ಕ ನಿಲ್ಲಿಸದಿದ್ದರೆ ಅರ್ಧ ಸಮಸ್ಯೆ ಕಡಿಮೆ.

ಕೊನೆಯದು, ಸರ್ವಿಸ್ ಸೆಂಟರ್ ಎಷ್ಟು ದೂರ? ಮಾರುತಿ, ಮಹೀಂದ್ರಾಗೆ ಮೆಕ್ಯಾನಿಕ್ ಮೂಡಿಗೆರೆಯಲ್ಲೂ ಸಿಗುತ್ತಾರೆ, ಬಾಳೆಹೊನ್ನೂರಿನಲ್ಲೂ ಸಿಗುತ್ತಾರೆ. ಅಪರೂಪದ ಗಾಡಿ ತಗೊಳ್ಳುವ ಮುನ್ನ ಆ ಕಂಪನಿಯ ಹತ್ತಿರದ ವರ್ಕ್‌ಶಾಪಿಗೆ ಫೋನ್ ಮಾಡಿ. ಕ್ಲಚ್ ಪ್ಲೇಟ್, ಹಿಂದಿನ ಶಾಕ್ ಅಬ್ಸಾರ್ಬರ್, ಮುಂದಿನ ಗಾಜು ಈ ಮೂರು ಎಷ್ಟು ದಿನದಲ್ಲಿ ಬರುತ್ತವೆ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿದಂತೆಯೇ.

7. ಕಾಗದ ಪತ್ರ

ವಿ-ಕ್ರಾಸ್, ಹೈಲಕ್ಸ್ ಬಿಳಿ ಬೋರ್ಡಿನಲ್ಲಿ ಖಾಸಗಿ ವಾಹನವಾಗಿ ನೋಂದಣಿಯಾಗುತ್ತವೆ. ಕ್ಯಾಂಪರ್‌ನಂಥವು ಹಳದಿ ಬೋರ್ಡಿನ ಗೂಡ್ಸ್ ವಾಹನ. ಬಿಳಿ ಬೋರ್ಡಿಗೆ 15 ವರ್ಷದ ನೋಂದಣಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳದಿ ಬೋರ್ಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಬಿಳಿ ಬೋರ್ಡಿನ ಪಿಕಪ್‌ನಲ್ಲಿ ಬೇರೆಯವರ ಸಾಮಾನು ಬಾಡಿಗೆಗೆ ಹೊಡೆಯುವಂತಿಲ್ಲ.

ಹಳದಿ ಬೋರ್ಡಿನ ಪಿಕಪ್ ಓಡಿಸಲು ಬೇರೆ ಲೈಸೆನ್ಸ್ ಬೇಕಾ ಅಂತ ಕೇಳುತ್ತಾರೆ. ಒಟ್ಟು ತೂಕ 7,500 ಕೆಜಿ ಮೀರದ ಸಾರಿಗೆ ವಾಹನವನ್ನು ಕಾರು ಓಡಿಸಲು ಕೊಡುವ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು.

ದಪ್ಪ ಅಕ್ಷರದಲ್ಲಿ ಬರೆಯಬೇಕಾದ ಎಚ್ಚರಿಕೆ ಒಂದಿದೆ. ಹಿಂದಿನ ಬಾಡಿಯಲ್ಲಿ ಕೆಲಸದವರನ್ನು ಕೂರಿಸಿಕೊಂಡು ಹೋಗಬೇಡಿ. "ಎಲ್ಲರೂ ಮಾಡ್ತಾರೆ, ಎರಡೇ ಕಿಲೋಮೀಟರ್" ಅನ್ನುವುದು ಪೊಲೀಸರ ಮುಂದೆಯೂ ನಡೆಯದು, ವಿಮೆಯವರ ಮುಂದೆಯೂ ನಡೆಯದು. ಪಿಕಪ್ ಮಗುಚಿದಾಗ ಬಾಡಿಯಲ್ಲಿ ಇದ್ದವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕೊಯ್ಲಿನ ಕಾಲದಲ್ಲಿ ಜನ ಸಾಗಿಸುವುದೇ ನಿಮ್ಮ ಮುಖ್ಯ ಕೆಲಸವಾದರೆ ಡಬಲ್ ಕ್ಯಾಬ್ ಅದಕ್ಕೆ ಉತ್ತರ ಅಲ್ಲ, ಹೆಚ್ಚು ಸೀಟಿನ ಗಾಡಿ ನೋಡಿ.

ಬಾಡಿಗೆ ಮುಚ್ಚಳ, ಗಟ್ಟಿ ಬಂಪರ್, ದೊಡ್ಡ ಟೈರು ಹಾಕಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟದ್ದನ್ನು ಇಷ್ಟಬಂದಂತೆ ಬದಲಿಸುವ ಹಾಗಿಲ್ಲ.

8. ಮುಂಗಡ ಕೊಡುವ ಮುನ್ನ ಕೊನೆಯ ಓಟ

ಶೋರೂಮಿನವರು ತೋರಿಸುವ ಸುತ್ತು ಬೇಡ. ಗಾಡಿಯನ್ನು ನಿಮ್ಮ ತೋಟದ ರಸ್ತೆಗೆ ಕಳಿಸಿ ಅಂತ ಕೇಳಿ. ಲಕ್ಷಗಟ್ಟಲೆ ಕೊಡುವವರು ಇಷ್ಟು ಕೇಳಲು ಸಂಕೋಚ ಪಡಬೇಡಿ. ಮೊದಲು ಖಾಲಿ ಓಡಿಸಿ. ಆಮೇಲೆ ಮೂರು ಮೂಟೆ ಹಾಕಿ, ಅದೇ ರಸ್ತೆಯಲ್ಲಿ ಓಡಿಸಿ. ಏರಿನ ಮಧ್ಯೆ ಪೂರ್ತಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಿ. ಗೇಟಿನಲ್ಲಿ ತಿರುಗಿಸಿ. 4ಎಲ್ ಹಾಕಿ ಇಳಿಯಿರಿ. ಮಳೆ ಬಂದ ಮರುದಿನ ಸಿಕ್ಕರೆ ಇನ್ನೂ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಆದರೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲ ಸ್ಟಾರ್ಟ್ ನಿಮ್ಮ ಎದುರಿಗೇ ಆಗಲಿ. ಲೀಫ್ ಸ್ಪ್ರಿಂಗ್ ಪ್ಲೇಟುಗಳಲ್ಲಿ ಬಿರುಕು, ಬಾಡಿ ಚಾಸಿಗೆ ಸೇರುವ ಕಡೆ ಹೊಸ ವೆಲ್ಡಿಂಗ್ ಅಥವಾ ಹೊಸ ಕಪ್ಪು ಬಣ್ಣ ಕಂಡರೆ ಓವರ್‌ಲೋಡ್ ಹೊಡೆದ ಗಾಡಿ ಅಂತ ಅನುಮಾನ ಪಡಿ. ಮಣ್ಣಿನ ಜಾಗಕ್ಕೆ ಒಯ್ದು 4ಎಚ್, 4ಎಲ್ ಎರಡೂ ಹಾಕಿ ನೋಡಿ. ವರ್ಷಗಟ್ಟಲೆ ಬಳಸದೆ ಲಿವರ್ ಹಿಡಿದುಕೊಂಡ ಗಾಡಿಗಳು ಬಹಳ ಇವೆ, ಅದರಲ್ಲೂ ಪೇಟೆಯಿಂದ ಬಂದವು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಕೆಳತುದಿಯಲ್ಲಿ ಕೆಸರಿನ ಕಲೆ ಇದ್ದರೆ ಆ ಗಾಡಿ ಒಮ್ಮೆ ನೀರಿನಲ್ಲಿ ಮುಳುಗಿತ್ತು. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.